ಎರೆಹೊಲದ ಕುಸುಬಿ ಮತ್ತು ರಕ್ತದ ಕೊಲೆಸ್ಟ್ರಾಲ್

ಹಲಸಂಗಿ ಎಂದರೆ ಕನ್ನಡಿಗರಿಗೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಕಲೆಹಾಕಿದ ಗರತಿಯರ ಹಾಡುಗಳೇ ನೆನಪಾಗುತ್ತವೆ. ಹಾಡಿದ ಆ ಗರತಿಯರ ಅಡುಗೆಮನೆಯ ಎಣ್ಣೆಗೂ ಒಂದು ಚರಿತ್ರೆಯಿದೆ. ಅದೇ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಸುತ್ತ ಕುಸುಬಿಯ ಸಾಲು ಹಾಕುವುದು ಹಳೆಯ ರೂಢಿ. ಅದರ ಮುಳ್ಳಿಗೆ ಹೆದರಿ ದನ ಹೊಲಕ್ಕೆ ನುಗ್ಗುವುದಿಲ್ಲ. ಎಳೆಯ ಎಲೆ ಪಲ್ಯಕ್ಕೆ, ಬೀಜ ಅರೆದು ಹಿಂಡಿದ ಹಾಲು ಹುಗ್ಗಿಗೆ. ಬೆಳೆ ಒಣಗಿದ ಮೇಲೆ ಮುಳ್ಳು ಸೂಜಿಯಂತಾಗುವುದರಿಂದ, ಇಬ್ಬನಿಯಲ್ಲಿ ಅದು ಮೆತ್ತಗಿರುವ ನಸುಕಿನಲ್ಲೇ ಕೈಗೆ ಅರಿವೆ ಸುತ್ತಿಕೊಂಡು ಕೊಯ್ಯುತ್ತಿದ್ದರು. ಬೀಜ ಗಾಣಕ್ಕೆ ಹೋದರೆ ಎಣ್ಣೆ ಮನೆಗೆ, ಹಿಂಡಿ ದನಕ್ಕೆ. ಗಾಣದ ಕಸುಬು ಎಷ್ಟು ಹಳೆಯದೆಂದರೆ ವಚನಕಾರರಲ್ಲೇ ಒಬ್ಬ ಗಾಣದ ಕಣ್ಣಪ್ಪನಿದ್ದಾನೆ. ಕೊಲೆಸ್ಟ್ರಾಲ್ ಅಳತೆಯನ್ನು ಎಲ್ಲಿಯವರೆಗೆ ನಂಬಬೇಕು, ಎಲ್ಲಿ ತಡೆದು ನಿಂತು ಇನ್ನೊಂದು ಪ್ರಶ್ನೆ ಕೇಳಬೇಕು ಎಂಬುದನ್ನು ಈ ಎಣ್ಣೆಯ ಚರಿತ್ರೆ ಚೆನ್ನಾಗಿ ತೋರಿಸಿಕೊಡುತ್ತದೆ ಎಂಬುದು ನನ್ನ ವಾದ.

1913ರಲ್ಲಿ ರಷ್ಯದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದ್ದ. ಆ ಕಾಲದ ಪ್ರಯೋಗಶಾಲೆಗಳು ಕೊಲೆಸ್ಟ್ರಾಲನ್ನು ಆಮ್ಲ ಬೆರೆಸಿದಾಗ ಮೂಡುವ ಹಸಿರು ಬಣ್ಣದ ಗಾಢತೆಯಿಂದ ಅಳೆಯುತ್ತಿದ್ದವು. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ ಸಾವಿರಾರು ಜನರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಶುರುವಾಯಿತು. ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿದ್ದವರಿಗೆ ಹೃದಯಾಘಾತವೂ ಹೆಚ್ಚು ಎಂಬುದು ಅಲ್ಲಿ ಸ್ಪಷ್ಟವಾಯಿತು. 1952ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಕಿನ್ಸೆಲ್ ಪ್ರಾಣಿಜನ್ಯ ಕೊಬ್ಬಿನ ಬದಲು ಸಸ್ಯದ ಎಣ್ಣೆ ಕೊಟ್ಟರೆ ಆ ಅಂಕಿ ಇಳಿಯುತ್ತದೆ ಎಂದು ಕಂಡುಕೊಂಡ. ಇಳಿಸುವ ಗುಣ ಲಿನೋಲಿಯಿಕ್ ಎಂಬ ಕೊಬ್ಬಿನ ಆಮ್ಲದ್ದು ಎಂದಾಗ ಎಲ್ಲರ ಕಣ್ಣು ಕುಸುಬಿಯ ಮೇಲೆ ಬಿತ್ತು, ಏಕೆಂದರೆ ಅದರ ಎಣ್ಣೆಯಲ್ಲಿ ಮುಕ್ಕಾಲು ಪಾಲು ಅದೇ. ಮುಳ್ಳಿನ ಬೇಲಿಯಾಗಿದ್ದ ಬೆಳೆ ಹೀಗೆ ಹೃದಯದ ಮದ್ದಾಯಿತು. ಅಮೆರಿಕದಲ್ಲಿ ಹರ್ಮನ್ ಟಾಲರ್ ಎಂಬ ವೈದ್ಯ 1961ರಲ್ಲಿ ಪುಸ್ತಕ ಬರೆದು ಕುಸುಬಿ ಎಣ್ಣೆಯ ಗುಳಿಗೆಗೆ ಎಷ್ಟು ಪ್ರಚಾರ ಕೊಟ್ಟನೆಂದರೆ ಕೊನೆಗೆ 1967ರಲ್ಲಿ ವಂಚನೆಯ ಅಪರಾಧಿಯೆನಿಸಿದ. ನಮ್ಮ ಪಟ್ಟಣಗಳಲ್ಲೂ ಶುದ್ಧೀಕರಿಸಿದ ಕುಸುಬಿ ಎಣ್ಣೆ ಹೃದಯದ ಹೆಸರಿನಲ್ಲೇ ಮಾರಾಟವಾಯಿತು.

ಆದರೆ ಅಂಕಿ ಇಳಿದರೆ ಜೀವ ಉಳಿಯುತ್ತದೆಯೇ? ಇದನ್ನು ಕುಸುಬಿಯಿಂದಲೇ ಪರೀಕ್ಷಿಸಿದವರು ಸಿಡ್ನಿಯ ವೈದ್ಯರು. 1966ರಿಂದ 1973ರವರೆಗೆ, ಹೃದಯದ ತೊಂದರೆಗೆ ಆಗಷ್ಟೇ ಒಳಗಾಗಿದ್ದ 30ರಿಂದ 59 ವಯಸ್ಸಿನ 458 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕುಸುಬಿ ಎಣ್ಣೆ ಮತ್ತು ಅದರಿಂದ ಮಾಡಿದ ಮಾರ್ಗರಿನ್ ಕೊಟ್ಟರು. ಕೊಲೆಸ್ಟ್ರಾಲ್ ನಿರೀಕ್ಷೆಯಂತೆ ಇಳಿಯಿತು. ಆದರೆ ಆ ಗುಂಪಿನಲ್ಲಿ ಸತ್ತವರು ಶೇ. 17.6, ಇನ್ನೊಂದರಲ್ಲಿ ಶೇ. 11.8. ಹೃದಯದ ಕಾಯಿಲೆಯಿಂದಾದ ಸಾವುಗಳ ಪೂರ್ಣ ಲೆಕ್ಕ ಹೊರಬಂದದ್ದು ಹಳೆಯ ದತ್ತಾಂಶವನ್ನು ಮತ್ತೆ ತೆರೆದು ನೋಡಿದಾಗ, 2013ರಲ್ಲಿ. ನಲವತ್ತು ವರ್ಷ ತಡವಾಗಿ ಬಂದ ಈ ಲೆಕ್ಕ ನೋವಿನ ಸಂಗತಿ.

ಹಾಗಾದರೆ ಕೊಲೆಸ್ಟ್ರಾಲ್ ಎಂಬುದೇ ಸುಳ್ಳು ಎನ್ನುವವರು ಉಂಟು. ಆ ಮಾತು ನಿಲ್ಲುವುದಿಲ್ಲ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಸಾಗುವ ಎಲ್‌ಡಿಎಲ್ ಕಣಗಳನ್ನು ಜೀವಕೋಶ ಹೀರಿಕೊಳ್ಳುವ ಬಗೆಯನ್ನು ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ವಿವರಿಸಿ 1985ರಲ್ಲಿ ನೊಬೆಲ್ ಪಡೆದರು. ಆ ವ್ಯವಸ್ಥೆ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳಿಗೆ ಎಳೆವಯಸ್ಸಿನಲ್ಲೇ ಹೃದಯಾಘಾತವಾಗಬಹುದು. 1994ರಲ್ಲಿ 4,444 ರೋಗಿಗಳ ಸ್ಕ್ಯಾಂಡಿನೇವಿಯದ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಮದ್ದಾದ ಸಿಮ್ವಾಸ್ಟಾಟಿನ್ ಸಾವನ್ನು ಶೇ. 30ರಷ್ಟು ತಗ್ಗಿಸಿತು. ಅಳತೆ ಸರಿಯಾದ ಸಾಕ್ಷಿಯೇ, ಆದರೆ ಒಂದು ಆಹಾರದ ಬಗ್ಗೆ ಅದೊಂದೇ ಸಾಕ್ಷಿ ಸಾಲದು. ಸಿಡ್ನಿಯ ಮಾರ್ಗರಿನ್‌ನಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಇದ್ದಿರಬೇಕು, ತಪ್ಪು ಕುಸುಬಿಯದಲ್ಲ ಎಂಬ ಆಕ್ಷೇಪವೂ ಇದೆ. ಇದ್ದಿರಬಹುದು. ಆದರೂ ಒಟ್ಟು ಕೊಲೆಸ್ಟ್ರಾಲ್ ಇಳಿಯುತ್ತಲೇ ಇತ್ತಲ್ಲ. ಅಪಾಯ ಎಲ್ಲಿತ್ತೋ ಆ ಅಂಕಿ ಹೇಳಲಿಲ್ಲ. ಓಸ್ಲೋದಲ್ಲಿ ಸೋಯಾ ಎಣ್ಣೆ ಕೊಟ್ಟ ಪ್ರಯೋಗ ಒಳ್ಳೆಯ ಫಲ ಕೊಟ್ಟಿತ್ತು. ಸೋಯಾದಲ್ಲಿರುವ ಒಮೆಗಾ-3 ಎಂಬ ಕೊಬ್ಬಿನ ಆಮ್ಲ ಕುಸುಬಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಅಂಕಿಯನ್ನು ಇಳಿಸುವ ಎಣ್ಣೆಗಳೇ.

ನಮ್ಮ ಹಿರಿಯರು ಗಾಣದ ಎಣ್ಣೆ ತಿಂದು ಗಟ್ಟಿಯಾಗಿದ್ದರು ಎಂಬ ಮಾತನ್ನೂ ಪುರಾವೆಯೆಂದು ಒಪ್ಪಲಾರೆ. ಸ್ವಾತಂತ್ರ್ಯದ ಹೊತ್ತಿಗೆ ಈ ದೇಶದ ಸರಾಸರಿ ಆಯುಷ್ಯ ಮೂವತ್ತರ ಆಸುಪಾಸು. ಹಳ್ಳಿಯಲ್ಲಿ ಸತ್ತವರ ಎದೆಯೊಳಗೆ ಏನಿತ್ತೆಂದು ನೋಡಿದವರಿಲ್ಲ, ರಕ್ತ ಅಳೆದವರೂ ಇಲ್ಲ. ಅವರ ತಟ್ಟೆಯ ಬಗ್ಗೆ ಹೇಳಬಹುದಾದದ್ದು ಇಷ್ಟೇ: ಎಣ್ಣೆ ಕಡಿಮೆ, ಜೋಳ ಮತ್ತು ಕಾಳು ಹೆಚ್ಚು, ಮೈಮುರಿಯುವ ದುಡಿಮೆ. ಅದರಲ್ಲಿ ಎಣ್ಣೆಯೊಂದನ್ನೇ ಎತ್ತಿ ಶೀಸೆಗೆ ತುಂಬಿದರೆ ಅದು ಬೇರೆಯೇ ಆಹಾರವಾಗುತ್ತದೆ.

ಪಟ್ಟಣದಲ್ಲಿ ಕುಸುಬಿಗೆ ಬೆಲೆ ಬಂದರೂ ಎರೆಹೊಲ ಅದನ್ನು ಬಿಡತೊಡಗಿತು. ಮುಳ್ಳಿನ ಕೊಯ್ಲಿಗೆ ಆಳು ಸಿಗಲಿಲ್ಲ, ಸೂರ್ಯಕಾಂತಿ ಬಂತು, 1990ರ ದಶಕದಲ್ಲಿ ಅಗ್ಗದ ತಾಳೆ ಎಣ್ಣೆಯೂ ಬಂತು. 1980ರ ದಶಕದಲ್ಲಿ ದೇಶದಲ್ಲಿ ಎಂಟು ಲಕ್ಷ ಹೆಕ್ಟೇರಿಗೂ ಮೀರಿದ್ದ ಬೆಳೆ ಇಂದು ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. ಇದಕ್ಕೂ ಎಷ್ಟೋ ಮೊದಲೇ ಕ್ಯಾಲಿಫೋರ್ನಿಯದ ತಳಿವಿಜ್ಞಾನಿ ಪಾಲ್ಡನ್ ನೋಲ್ಸ್, ಭಾರತದ ಕುಸುಬಿಯಲ್ಲೇ ಕಂಡ ಒಂದು ಗುಣವನ್ನು ಹಿಡಿದು, ಆಲಿವ್ ಎಣ್ಣೆಯಂತೆ ಒಲೀಯಿಕ್ ಆಮ್ಲ ತುಂಬಿದ ತಳಿಯನ್ನು 1966ರಲ್ಲಿ ಬಿಡುಗಡೆ ಮಾಡಿದ್ದ. ಸಿಡ್ನಿಯಲ್ಲಿ ಲಿನೋಲಿಯಿಕ್ ತುಂಬಿದ ಎಣ್ಣೆಯ ಪ್ರಯೋಗ ಶುರುವಾದದ್ದೂ ಅದೇ ವರ್ಷ.