ಟಿಯರ್‌ಡ್ರಾಪ್ ಟ್ರೇಲರಿನ ಸ್ಕ್ರೂ, ಬೋಲ್ಟು, ಬಿಜಾಗರಿ

ಕಾರಿನ ಹಿಂದೆ ಕಟ್ಟಿ ಎಳೆಯುವ, ನೀರಿನ ಹನಿಯ ಆಕಾರದ ಪುಟ್ಟ ಟ್ರೇಲರನ್ನು ಮನೆಯ ಶೆಡ್ಡಿನಲ್ಲೇ ಕಟ್ಟಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ 1930ರ ದಶಕದಲ್ಲಿ ಶುರುವಾಯಿತು. ಒಳಗೆ ಇಬ್ಬರು ಮಲಗುವಷ್ಟು ಜಾಗ. ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆಕಟ್ಟೆ. 1947ರ ಸೆಪ್ಟೆಂಬರಿನಲ್ಲಿ 'ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್' ಪತ್ರಿಕೆ ಇಂಥದೊಂದರ ನಕ್ಷೆ ಪ್ರಕಟಿಸಿದ ಮೇಲೆ ಹವ್ಯಾಸ ಊರೂರಿಗೆ ಹಬ್ಬಿತು. ಯುದ್ಧ ಆಗಷ್ಟೇ ಮುಗಿದಿತ್ತು. ಬಾಂಬರ್ ವಿಮಾನಗಳ ರೆಕ್ಕೆಯ ಅಲ್ಯೂಮಿನಿಯಂ ಹಾಳೆಯನ್ನೂ ಜೀಪಿನ ಗಾಲಿಗಳನ್ನೂ ಹಾಕಿ ಕಟ್ಟಿದವರಿದ್ದರು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆಯೇ ಗಾಡಿಯ ಅಳತೆಯನ್ನೂ ತೀರ್ಮಾನಿಸಿತು. ಇಷ್ಟು ವರ್ಷಗಳಲ್ಲಿ ಆಕಾರ ಹೆಚ್ಚೇನೂ ಬದಲಾಗಿಲ್ಲ. ಬದಲಾಗಿರುವುದು ಹಲಗೆಗೆ ಹಲಗೆ, ಹಲಗೆಗೆ ತಗಡು, ತಗಡಿಗೆ ಬಾಗಿಲು ಸೇರಿಸುವ ರೀತಿ. ಹಳೆಯ ಕಟ್ಟುಗರು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ನೋಡಿ ಸ್ಕ್ರೂ ಆರಿಸುತ್ತಿದ್ದರು. ಆ ಸೇರುವೆ ಯಾವುದರಿಂದ ಕೆಡುತ್ತದೆ ಎಂದು ಮೊದಲು ಕೇಳಬೇಕು ಎಂಬುದು ಈ ಕ್ಷೇತ್ರಕ್ಕೆ ನಿಧಾನವಾಗಿ ಅರ್ಥವಾಗಿದೆ. ಆ ತಿಳಿವಳಿಕೆಯೇ ಸರಿ ಎಂಬುದು ನನ್ನ ವಾದ.

ಮೊದಲ ಶತ್ರು ನೀರು. ಚಾವಣಿಯ ಪ್ಲೈವುಡ್‌ಗೆ ಹಾಕಿದ ಒಂದು ಸ್ಕ್ರೂವನ್ನೇ ಹತ್ತಿರದಿಂದ ನೋಡಿ. ಅದರ ತೂತು ಪ್ಲೈವುಡ್ಡಿನ ಪದರಗಳನ್ನೆಲ್ಲ ಕೊಯ್ದು ಮರದ ನಾರಿನ ತುದಿಗಳನ್ನು ತೆರೆದಿಟ್ಟಿರುತ್ತದೆ. ಮರ ಅತಿ ಹೆಚ್ಚು ನೀರು ಹೀರುವುದು ಆ ತುದಿಗಳಿಂದಲೇ. ಮಳೆನೀರು ತಲೆಯ ಅಂಚಿನಿಂದ ಎಳೆಗಳ ಗುಂಟ ಇಳಿಯುತ್ತದೆ. ಮಳೆಯಿಲ್ಲದ ರಾತ್ರಿಯಲ್ಲೂ ಲೋಹ ಬೇಗ ತಣ್ಣಗಾಗಿ, ಒಳಗೆ ಮಲಗಿದವರ ಉಸಿರಿನ ತೇವ ಅದರ ಮೊನೆಯ ಮೇಲೆ ಹನಿಗಟ್ಟುತ್ತದೆ. ಹೀಗೆ ಮೇಲಿನಿಂದಲೂ ಕೆಳಗಿನಿಂದಲೂ ನೆನೆದ ಮರ ಮೆತ್ತಗಾದ ಮೇಲೆ ಸ್ಕ್ರೂ ಎಷ್ಟು ಗಟ್ಟಿಯಿದ್ದರೇನು, ಅದು ಕಚ್ಚಿಕೊಳ್ಳಲು ಏನೂ ಉಳಿದಿರುವುದಿಲ್ಲ. ಇದಕ್ಕೆ ಪರಿಹಾರ ಬಂದದ್ದು ದೋಣಿ ಕಟ್ಟುವವರಿಂದ. ಮಿಷಿಗನ್ನಿನ ಬೇ ಸಿಟಿಯ ಗೂಜನ್ ಸಹೋದರರು 1970ರ ದಶಕದಲ್ಲಿ ಮರ ಮತ್ತು ಎಪಾಕ್ಸಿಯ ಜೋಡಿಯನ್ನು ಹವ್ಯಾಸಿಗಳ ಕೈಗೆ ತಲುಪಿಸಿದರು. ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂವಿನ ಅಳತೆಗೆ ಮತ್ತೆ ಕೊರೆಯುವುದು ಅವರ ವಲಯದಲ್ಲಿ ಬಳಕೆಗೆ ಬಂದ ರೂಢಿ. ಆಗ ಲೋಹ ಮರವನ್ನು ಮುಟ್ಟುವುದೇ ಇಲ್ಲ. ಇನ್ನೂ ಮುಂದೆ ಹೋದವರು ತೂತನ್ನೇ ಕೈಬಿಟ್ಟರು: ಹಲಗೆಗಳನ್ನು ತಾಮ್ರದ ತಂತಿಯಿಂದ ತಾತ್ಕಾಲಿಕವಾಗಿ ಹೊಲಿದು, ಸಂದಿಗೆ ಎಪಾಕ್ಸಿ ತುಂಬಿ, ಮೇಲೆ ಗಾಜಿನ ನಾರಿನ ಪಟ್ಟಿ ಅಂಟಿಸುವುದು. ಬ್ರಿಟನ್ನಿನಲ್ಲಿ 1963ರ 'ಮಿರರ್' ದೋಣಿ ಜನಪ್ರಿಯಗೊಳಿಸಿದ ಈ ವಿಧಾನ ಇಂದು ಟಿಯರ್‌ಡ್ರಾಪ್ ಕಿಟ್ಟುಗಳಿಗೂ ಬಂದಿದೆ. ಹಲಗೆ ಹೊಲಿಯುವುದು ನಮ್ಮ ಪಶ್ಚಿಮ ಕರಾವಳಿಗೆ ಹೊಸದಲ್ಲ. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ಸೇವೆಗೆ ಸೇರಿದ 'ಕೌಂಡಿನ್ಯ' ಹಾಯಿಹಡಗು ಹಗ್ಗದಿಂದ ಹೊಲಿದದ್ದೇ. ಅಲ್ಲಿ ಹೊಲಿಗೆ ಉಳಿಯುತ್ತದೆ, ಇಲ್ಲಿ ಅಂಟು ಉಳಿಯುತ್ತದೆ.

ಅಂಟಿಸಿದ್ದನ್ನು ಬಿಚ್ಚುವುದು ಹೇಗೆ ಎಂಬ ಆಕ್ಷೇಪಣೆ ಇಲ್ಲಿ ಸಹಜ. ರಿಪೇರಿ ಮಾಡಲಾಗದ ಗಾಡಿ ಗಾಡಿಯೇ ಅಲ್ಲ ಎನ್ನುವವರ ಮಾತಿಗೆ ತೂಕವಿದೆ. ಆದರೆ ಒಂದು ಟ್ರೇಲರಿನಲ್ಲಿ ನಿಜವಾಗಿ ಬಿಚ್ಚಬೇಕಾಗುವುದು ಕಿಟಕಿ, ಗಾಳಿಗಿಂಡಿ, ದೀಪ, ಬಾಗಿಲು, ಚಿಲಕ ಇಷ್ಟೇ. ಇವಕ್ಕೆ ಅಡಿಯಲ್ಲಿ ಬ್ಯೂಟೈಲ್ ಟೇಪು ಹಾಕಿ, ಮರದಲ್ಲಿ ಕೂರಿಸಿದ ಲೋಹದ ಎಳೆಗೂಡಿಗೆ ಮೆಷಿನ್ ಸ್ಕ್ರೂ ತಿರುಗಿಸಿದರೆ ಹತ್ತು ಸಲ ಬಿಚ್ಚಿ ಹಾಕಿದರೂ ಮರ ಸವೆಯುವುದಿಲ್ಲ. ಗೋಡೆ ಮತ್ತು ಚಾವಣಿ ಸೇರುವ ಅಂಚನ್ನು ಬಿಚ್ಚುವ ಪ್ರಸಂಗ ಬರುವುದು ಹೆಚ್ಚಾಗಿ ಅಲ್ಲಿನ ಸ್ಕ್ರೂ ಸಾಲಿನಿಂದ ನೀರು ಇಳಿದಾಗಲೇ. 1940ರ ದಶಕದ ಗಾಡಿಗಳು ಸಾದಾ ಸ್ಕ್ರೂ ಹಾಕಿಯೂ ಇಂದಿಗೂ ಓಡುತ್ತಿಲ್ಲವೇ ಎಂದು ಕೇಳುವವರು, ಶೆಡ್ಡಿನ ಆಸರೆಯಲ್ಲಿ ಉಳಿದವು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತವೆ ಎಂಬುದನ್ನು ಮರೆಯುತ್ತಾರೆ. ಕೊಳೆತು ಹೋದವು ಲೆಕ್ಕಕ್ಕೇ ಸಿಗುವುದಿಲ್ಲ.

ಎರಡನೆಯದು ಬಿಸಿಲು. ಎಂಟಡಿ ಅಲ್ಯೂಮಿನಿಯಂ ಹಾಳೆ ನಸುಕಿನ ತಂಪಿನಿಂದ ನಡುಹಗಲಿನ ಬಿಸಿಗೆ ಹೋಗುವಾಗ, 40 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಎರಡು ಮಿಲಿಮೀಟರಿಗೂ ತುಸು ಹೆಚ್ಚು ಉದ್ದವಾಗುತ್ತದೆ. ಅಡಿಯ ಪ್ಲೈವುಡ್ ಅದರ ಮೂರನೇ ಒಂದರಷ್ಟೂ ಹಿಗ್ಗುವುದಿಲ್ಲ. ಮೈತುಂಬ ಸ್ಕ್ರೂ ಬಿಗಿದರೆ ತಗಡು ಉಬ್ಬಬೇಕು, ಇಲ್ಲವೇ ತೂತುಗಳು ದಿನದಿನವೂ ಹಿಗ್ಗಬೇಕು. ಆದ್ದರಿಂದಲೇ ಹಾಳೆಯ ನಡುಭಾಗವನ್ನು ಬಿಡುವಾಗಿಟ್ಟು, ಅಂಚುಗಳನ್ನು ಮಾತ್ರ ಪಟ್ಟಿಯ ಅಡಿಯಲ್ಲಿ ಹಿಡಿಯುವ ಕ್ರಮ ಬೆಳೆಯಿತು. 1980ರಲ್ಲಿ 3ಎಂ ಕಂಪನಿ ತಂದ ವಿಎಚ್‌ಬಿ ಟೇಪು ಕೂಡ ತನ್ನ ನೊರೆಯಂಥ ಒಡಲಿನಿಂದ ಈ ಅಲುಗಾಟಕ್ಕೆ ಅವಕಾಶ ಕೊಡುತ್ತದೆ. ಹಿಂಬದಿ ಮುಚ್ಚಳದ ಬಿಜಾಗರಿಯಲ್ಲೂ ಇದೇ ವಿವೇಕ ಕಾಣುತ್ತದೆ. ಉದ್ದನೆಯ ಪಿಯಾನೋ ಬಿಜಾಗರಿಯ ಒಂದೊಂದು ಗೆಣ್ಣಿನ ಸಂದಿಯೂ ನೀರಿಗೆ ದಾರಿ. ಅದರ ಜಾಗಕ್ಕೆ ಬಂದ ಅಲ್ಯೂಮಿನಿಯಂ ಬಿಜಾಗರಿಗೆ ನಡುವೆ ಕಂಬಿಯೇ ಇಲ್ಲ. ಒಂದು ಪಟ್ಟಿಯ ಬಾಗಿದ ತುಟಿ ಇನ್ನೊಂದರ ಕೊಳವೆಯೊಳಗೆ ಹೊರಳುತ್ತದೆ, ನೀರು ಮೇಲಿನಿಂದಲೇ ಜಾರಿಹೋಗುತ್ತದೆ. ಈ ಕ್ಷೇತ್ರದ ಅತ್ಯಂತ ಸುಂದರ ಸುಧಾರಣೆ ಇದೇ ಎನ್ನುತ್ತೇನೆ.

ಹಾಗಾದರೆ ಎಲ್ಲ ಕಡೆಯೂ ಸ್ಟೇನ್‌ಲೆಸ್ ಸ್ಟೀಲ್ ಹಾಕಿಬಿಟ್ಟರಾಯಿತಲ್ಲ ಎನ್ನುವವರು ಬಹಳ. ಮೈಗೆ ಅದು ಒಳ್ಳೆಯದೇ. ಅಲ್ಯೂಮಿನಿಯಂ ಜೊತೆ ಸೇರಿದರೆ ಸವೆಯುವುದು ಅಲ್ಯೂಮಿನಿಯಂ, ನಿಜ. ಆದರೆ ದೊಡ್ಡ ಹಾಳೆಯಲ್ಲಿ ಚಿಕ್ಕ ಸ್ಕ್ರೂ ಇದ್ದಾಗ ಆ ಸವೆತ ಹಂಚಿಹೋಗುತ್ತದೆ. ದೊಡ್ಡ ಉಕ್ಕಿನ ತಟ್ಟೆಗೆ ಪುಟ್ಟ ಅಲ್ಯೂಮಿನಿಯಂ ರಿವೆಟ್ ಹೊಡೆದರೆ ಮಾತ್ರ ರಿವೆಟ್ ಬೇಗ ತಿಂದುಹೋಗುತ್ತದೆ. ನೆಲದ ಚೌಕಟ್ಟಿಗೆ ರಾಸಾಯನಿಕ ಉಣಿಸಿದ ಮರ ಬಳಸುವವರಿಗೆ ಇನ್ನೊಂದು ತೊಡಕಿದೆ: 2003ರ ಕೊನೆಯಲ್ಲಿ ಅಮೆರಿಕದ ಮನೆಬಳಕೆಯಿಂದ ಆರ್ಸೆನಿಕ್ ಇರುವ ಮರ ಹಿಂದೆ ಸರಿದು ತಾಮ್ರ ಹೆಚ್ಚಿರುವ ಮರ ಬಂದಿತು, ಅದು ಸಾದಾ ಸತುವಿನ ಲೇಪದ ಸ್ಕ್ರೂಗಳನ್ನು ಬೇಗ ಕೆಡಿಸುತ್ತದೆ. ಆದರೆ ಚಾಸಿಗೆ ಬಂದಾಗ ಸ್ಟೇನ್‌ಲೆಸ್ ಉತ್ತರವಲ್ಲ. ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟಿನ ಎಳೆತದ ಬಲ 700 ಮೆಗಾಪಾಸ್ಕಲ್, 8.8 ಗುರುತಿನ ಉಕ್ಕಿನದು 800. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೆ ಬಿಗಿಯುವಾಗಲೇ ಕಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ಬಾರದಂತಾಗುವುದೂ ಉಂಟು. ಆಕ್ಸಲ್, ಕಪ್ಲರ್ ಹಿಡಿಯುವಲ್ಲಿ ತಲೆಯ ಮೇಲೆ ಮೂರು ಗೆರೆಗಳಿರುವ ಗ್ರೇಡ್ 5 ಬೋಲ್ಟೇ ನ್ಯಾಯವಾದ ಆಯ್ಕೆ.

ಅಲ್ಲಿನ ಶತ್ರು ಕುಲುಕಾಟ. ದಶಕಗಳ ಕಾಲ ಇದಕ್ಕೆ ಮದ್ದೆಂದು ನಂಬಿದ್ದು ಸ್ಪ್ರಿಂಗ್ ವಾಷರನ್ನು. 1969ರಲ್ಲಿ ಜರ್ಮನಿಯ ಗೆರ್‌ಹಾರ್ಡ್ ಯುಂಕರ್ ಬೋಲ್ಟನ್ನು ಅಡ್ಡಡ್ಡ ಅಲುಗಿಸಿ ಪರೀಕ್ಷಿಸಿ, ನಟ್ಟು ಸಡಿಲವಾಗುವುದು ಸೇರಿಸಿದ ಭಾಗಗಳು ಒಂದರ ಮೇಲೊಂದು ಜಾರುವಾಗ ಎಂದು ತೋರಿಸಿದರು. 1990ರ ನಾಸಾ ಕೈಪಿಡಿ ಇನ್ನೂ ನೇರವಾಗಿದೆ: ಪೂರ್ತಿ ಬಿಗಿದಾಗ ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿ ಸಾದಾ ವಾಷರಾಗುತ್ತದೆ, ಲಾಕ್ ಮಾಡಲು ಅದು ನಿಷ್ಪ್ರಯೋಜಕ. ಹೀಗಿದ್ದರೂ ಅದನ್ನೇ ಹಾಕುವವರು ಇಂದಿಗೂ ಇರುವುದು ಬೇಸರದ ಸಂಗತಿ. ಒಳಗೆ ನೈಲಾನ್ ಉಂಗುರವಿರುವ ನಟ್ಟು, ಇಲ್ಲವೇ 1950ರ ದಶಕದಲ್ಲಿ ವರ್ನನ್ ಕ್ರೀಬಲ್ ಬಳಕೆಗೆ ತಂದ ಲಾಕ್‌ಟೈಟ್‌ನಂಥ ದ್ರವ ಇವು ನಿಜಕ್ಕೂ ಕೆಲಸ ಮಾಡುತ್ತವೆ. ಅದಕ್ಕೂ ಮೊದಲು ಟಾರ್ಕ್ ರೆಂಚು ಹಿಡಿದು ಸರಿಯಾದ ಅಳತೆಗೆ ಬಿಗಿದಿರಬೇಕು. ಗಾಲಿಯ ನಟ್ಟುಗಳ ಮಾತೇ ಬೇರೆ: ಅವಕ್ಕೆ ಅಂಟೂ ಬೇಡ, ನೈಲಾನೂ ಬೇಡ. ಹೊಸ ಗಾಲಿ ತನ್ನ ಜಾಗದಲ್ಲಿ ಕೂರುತ್ತಾ ಹೋದಂತೆ ಬಿಗಿ ಇಳಿಯುವುದರಿಂದ, ಮೊದಲ 10, 25 ಮತ್ತು 50 ಮೈಲಿಗೆ ಗಾಡಿ ನಿಲ್ಲಿಸಿ ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಬೇಕೆಂದು ಆಕ್ಸಲ್ ತಯಾರಕರ ಕೈಪಿಡಿಗಳು ಹೇಳುತ್ತವೆ.