ನೆತ್ತರುಗೊಡಗೆಯಿಂದ ಪಿಂಚಣಿಯವರೆಗೆ

ರಣದಲ್ಲಿ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುವುದಕ್ಕೆ ನಮ್ಮ ಹಿರಿಯರು ‘ನೆತ್ತರುಗೊಡಗೆ’ ಎಂದು ಹೆಸರಿಟ್ಟಿದ್ದರು. ನಮ್ಮ ಕೊಂಗುನಾಡನ್ನೂ ಆಳಿದ ತಲಕಾಡಿನ ಗಂಗರು ವೀರನ ಋಣವನ್ನು ಹೇಗೆ ನೆನೆದರೆಂಬುದಕ್ಕೆ ಬೇಗೂರಿನ ವೀರಗಲ್ಲು ಸಾಕ್ಷಿ. ಸುಮಾರು 900ರಲ್ಲಿ ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಆನೆಗಳೊಡನೆ ಕಾದಿ ಮಡಿಯಲು, ದೊರೆ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೇಗೂರು ಹನ್ನೆರಡನ್ನು ಕಲ್ನಾಡಾಗಿ ಇತ್ತನು. ಹಳ್ಳಿಗಳ ಹೆಸರುಗಳೂ ಕಲ್ಲಿನ ಮೇಲಿವೆ. ಕೊಟ್ಟ ಮಾತಿಗೆ ಊರೇ ಸಾಕ್ಷಿಯಾಗಿದ್ದಿತೆಂದು ನಮ್ಮ ಭಾವನೆ.

ಇಂದು ಆ ಮಾತು ಕಾಗದದಲ್ಲಿದೆ. 2015ರಲ್ಲಿ ಸರ್ಕಾರವು ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಯನ್ನು ಆಜ್ಞಾಪಿಸಿತು, ಕೊಯಮತ್ತೂರಿನಲ್ಲಿ ಮಾಜಿ ಸೈನಿಕರ ಕಲ್ಯಾಣ ಕಚೇರಿಯೂ ಇದೆ. ಆದರೂ ಕುಟುಂಬ ಪಿಂಚಣಿ ಪಡೆಯುವ ಸೈನಿಕನ ವಿಧವೆಯು ತಾನು ಬದುಕಿರುವೆನೆಂದು ಪ್ರತಿವರ್ಷವೂ ರುಜುವಾತು ಒಪ್ಪಿಸಬೇಕು. ನಮ್ಮ ಮನೆಗಳ ವೃದ್ಧೆಯರಿಗೆ ಆ ಕಾಗದವನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕಾದವರು ನಾವೇ.