ಅಪ್ಪಣೆಯೂ ಅಪ್ರೂವಲ್ಲೂ

ಘಾಟಿ ಸುಬ್ರಹ್ಮಣ್ಯದಿಂದ ದೊಡ್ಡಬಳ್ಳಾಪುರಕ್ಕೆ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗ ಫೋನಿನಲ್ಲಿ ಹೇಳುತ್ತಿದ್ದ: ‘ಮನೆದೇವ್ರತ್ರ ಅಪ್ರೂವಲ್ ತಗೊಂಡ್ಬಿಟ್ಟಿದೀನಿ ಕಣಮ್ಮ, ಸೋಮವಾರ ಸೈಟ್ ರಿಜಿಸ್ಟ್ರೇಷನ್.’ ದೇವನಹಳ್ಳಿ ಸುತ್ತ ಸೈಟುಗಳಿಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಇದೆಯೆಂದು ಸಾರುವ ‘ಬಯಾಪ ಅಪ್ರೂವ್ಡ್’ ಬೋರ್ಡುಗಳನ್ನು ಓದಿಕೊಂಡೇ ಬೆಳೆದವನಿಗೆ ದೇವರೂ ಒಂದು ಪ್ರಾಧಿಕಾರದಂತೆ ಕಂಡರೆ ಸೋಜಿಗವೇನಿಲ್ಲ. ನನ್ನ ತಕರಾರು ಆ ‘ತಗೊಂಡ್ಬಿಟ್ಟಿದೀನಿ’ ಮೇಲೆ.

ನಮ್ಮ ಕಡೆ ಅಪ್ಪಣೆಯನ್ನು ಕೇಳುತ್ತಿದ್ದರು, ಬೇಡುತ್ತಿದ್ದರು. ಸಿಕ್ಕ ಮೇಲೆ ಮಾತ್ರ ‘ಅಪ್ಪಣೆ ಆಯ್ತು’ ಎನ್ನುತ್ತಿದ್ದರು. ಮಳೆ ಆದ ಹಾಗೆ, ಬೆಳೆ ಆದ ಹಾಗೆ. ಈ ಪದದ ಹುಟ್ಟನ್ನು ನಿಘಂಟಿನವರು ಏನಾದರೂ ಹೇಳಿಕೊಳ್ಳಲಿ. ಹಳಗನ್ನಡದಲ್ಲಿ ‘ಅಪ್ಪುದು’ ಎಂದರೆ ಆಗುವುದು. ಅಪ್ಪಣೆ ಅದರ ಮೊಮ್ಮಗಳೆಂದೇ ನನ್ನ ಹಟ. ಪಂಡಿತರು ನಗುತ್ತಾರೆ, ನಗಲಿ. ಮಠಗಳಲ್ಲಿ ಸ್ವಾಮಿಗಳು ಮಾತಾಡುವುದಿಲ್ಲ, ‘ಅಪ್ಪಣೆ ಕೊಡಿಸುತ್ತಾರೆ’. ನಾಟಕದ ಸೇವಕ ‘ಅಪ್ಪಣೆ ಮಹಾಪ್ರಭು’ ಎಂದು ಓಡುತ್ತಾನೆ. ನೆಂಟರು ‘ಅಪ್ಪಣೆಯಾದರೆ ಹೊರಡ್ತೀವಿ’ ಎಂದು ಹೇಳಿ ಇನ್ನೊಂದು ಲೋಟ ಕಾಫಿ ಕುಡಿಯುತ್ತಿದ್ದರು. ಈಗಿನವರು ‘ಓಕೆ ಬೈ’.

ಅಪ್ಪಣೆಯ ನಿಜವಾದ ಮನೆ ಹೂ ಪ್ರಸಾದ. ಮದುವೆಯೋ, ಬೋರ್‌ವೆಲ್ಲೋ, ಮಗನ ಓದೋ, ಯಾವ ದಾರಿ ಎಂದು ತಿಳಿಯದಾಗ ಗ್ರಾಮದೇವತೆಯ ಮುಂದೆ ಕೂರುವುದು. ಪೂಜಾರಪ್ಪ ಒದ್ದೆ ಹೂವನ್ನು ವಿಗ್ರಹಕ್ಕೆ ಅಂಟಿಸುತ್ತಾನೆ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ಜನ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತು ಬಳಸುತ್ತಾರೆ. ಅದು ಹುಟ್ಟಿದ್ದು ಈ ಹೂವಿನ ಮುಂದೆಯೇ ಎಂಬುದು ನನ್ನ ಗುಮಾನಿ. ಹೂವಿಗೆ ನೀರು ಹೆಚ್ಚಾಯಿತೋ, ಅದು ಒಣಗಿ ಸಡಿಲವಾಗುವವರೆಗೆ ದೇವರೂ ಕಾಯಬೇಕು. ಎಷ್ಟು ಒದ್ದೆ ಮಾಡಬೇಕೆಂಬುದು ಪೂಜಾರಪ್ಪನ ಕೈಯಲ್ಲಿ! ಜನ ಅವನನ್ನು ಬೈದು ಗಾದೆ ಕಟ್ಟಿದರು. ನಾನು ಅವನ ಪರ. ಹೂ ಬೀಳುವ ತನಕ ಮನೆಯವರೆಲ್ಲ ಮಾತಿಲ್ಲದೆ ಒಂದೇ ಕಡೆ ಕೂರುತ್ತಿದ್ದರಲ್ಲ, ಆ ಹೊತ್ತಿನಲ್ಲಿ ಮಗಳಿಗೆ ಗಂಡು ಇಷ್ಟವಿಲ್ಲದ್ದು ಅಪ್ಪನಿಗೆ ಮುಖ ನೋಡಿಯೇ ತಿಳಿಯುತ್ತಿತ್ತು. ಅರ್ಧ ಅಪ್ಪಣೆ ಅಲ್ಲೇ ಆಗುತ್ತಿತ್ತು.

ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಒಳಕಲ್ಲು ತೀರ್ಥವಿದೆ. ಬಂಡೆಯ ಕುಳಿಯೊಳಗೆ ಕೈ ಇಳಿಸಿದಾಗ ನೀರು ತಾಗಿದರೆ ಪುಣ್ಯವಂತರು ಎಂಬ ನಂಬಿಕೆ. ಅಲ್ಲಿ ಉತ್ತರ ಕ್ಷಣದಲ್ಲಿ ಸಿಗುತ್ತದೆ ನಿಜ, ಆದರೆ ಕಾಯುವ ಕೆಲಸವನ್ನು ಬೆಟ್ಟ ಹತ್ತುವ ಕಾಲುಗಳು ಮೊದಲೇ ಮುಗಿಸಿರುತ್ತವೆ.

ಅಪ್ರೂವಲ್ಲಿಗೆ ಈ ಕಾಯುವಿಕೆ ಗೊತ್ತಿಲ್ಲ. ತೀರ್ಮಾನ ಮೊದಲು, ಅರ್ಜಿ ಆಮೇಲೆ, ದೇವರ ಪಾಲಿಗೆ ಉಳಿದದ್ದು ಬರೀ ಮೊಹರು. ಹೂ ಎಡಕ್ಕೆ ಬಿದ್ದರೆ ‘ಇನ್ನೊಂದ್ಸಲ ಕೇಳಿ ಪೂಜಾರ್ರೇ’ ಎನ್ನುವವರೂ ಇದ್ದಾರೆ. ಅಂಥವರಲ್ಲಿ ಒಂದು ವಿನಂತಿ: ಅಡ್ವಾನ್ಸ್ ಕೊಟ್ಟ ಮೇಲೆ ಹೂ ಕೇಳಬೇಡಿ. ಕೇಳುವುದೇ ಆದರೆ ಎಡಕ್ಕೆ ಬಿದ್ದರೂ ಒಪ್ಪುವ ಮನಸ್ಸಿಟ್ಟುಕೊಂಡು ಹೋಗಿ.